ಕ್ರಿಸ್ತರಾಜರ ನಾಮ ಮತ್ತು ಒಂದು ರಾಜಕೀಯ ಪಕ್ಷ

ಕ್ರಿಸ್ತರಾಜರ ಮಹೋತ್ಸವವನ್ನು ಜಗದ್ಗುರು ಹನ್ನೊಂದನೆಯ ಪಿಯುಸ್ ಅವರು ಸ್ಥಾಪಿಸಿದ್ದು 1925ರಲ್ಲಿ. ಮೊದಲ ಮಹಾಯುದ್ಧದ ನಂತರ ರಾಷ್ಟ್ರಗಳು ತಮ್ಮ ತಮ್ಮ ಧ್ವಜವನ್ನೇ ದೇವರೆಂದು ಪೂಜಿಸತೊಡಗಿದ್ದ ಕಾಲ ಅದು. ಮಾನವಕುಲದ ಅರಸ ಒಬ್ಬನೇ, ಆತನ ಸಿಂಹಾಸನ ಶಿಲುಬೆ ಎಂಬುದನ್ನು ನೆನಪಿಸುವುದೇ ಹಬ್ಬದ ಉದ್ದೇಶವಾಗಿತ್ತು. ಆದರೆ ಹತ್ತೇ ವರ್ಷಗಳಲ್ಲಿ, ಕಥೋಲಿಕರೇ ಬಹುಸಂಖ್ಯಾತರಾದ ಬೆಲ್ಜಿಯಂ ದೇಶದಲ್ಲಿ, ಆ ಅರಸನ ಹೆಸರು ಒಂದು ಪಕ್ಷದ ಚುನಾವಣಾ ಘೋಷಣೆಯಾಗಿಬಿಟ್ಟಿತು.

ಲೂವೇನ್ ನಗರದಲ್ಲಿ 'ಕ್ರಿಸ್ತುಸ್ ರೆಕ್ಸ್' ಎಂಬ ಕಥೋಲಿಕ ಪ್ರಕಾಶನ ಸಂಸ್ಥೆಯೊಂದಿತ್ತು. ಲತೀನ್ ಭಾಷೆಯಲ್ಲಿ ರೆಕ್ಸ್ ಎಂದರೆ ಅರಸ. ಅಲ್ಲಿನ ವಿಶ್ವವಿದ್ಯಾನಿಲಯದಲ್ಲಿ ಓದಿದ್ದ ಲೆಯೋನ್ ದೆಗ್ರೆಲ್ ಎಂಬ ತರುಣ ಅದರ ಹೊಣೆ ಹೊತ್ತು, ಧಾರ್ಮಿಕ ಕಿರುಹೊತ್ತಗೆಗಳ ಸ್ಥಾನದಲ್ಲಿ ರಾಜಕೀಯ ಪತ್ರಿಕೆಗಳನ್ನು ಹೊರತಂದ. 1935ರ ನವೆಂಬರಿನಲ್ಲಿ ಕೋರ್ತ್ರೈಕ್ ಪಟ್ಟಣದಲ್ಲಿ ನಡೆದ ಕಥೋಲಿಕ ಪಕ್ಷದ ಸಭೆಗೆ ನುಗ್ಗಿ, ಹಿರಿಯ ನಾಯಕರನ್ನು ಕೊಳೆತವರೆಂದು ಜರೆದ. ಪೊರಕೆಯೇ ಅವನ ಪಕ್ಷದ ಗುರುತಾಯಿತು. ಬ್ಯಾಂಕುಗಳಿಗೂ ರಾಜಕಾರಣಿಗಳಿಗೂ ಇದ್ದ ಕಳ್ಳನಂಟನ್ನು ಗುಡಿಸಿ ಎಸೆಯುತ್ತೇನೆಂದು ಆತ ಸಾರಿದ. ಆ ನಂಟು ಇದ್ದದ್ದು ಸುಳ್ಳೇನೂ ಅಲ್ಲ. 1936ರ ಮೇ ತಿಂಗಳ ಚುನಾವಣೆಯಲ್ಲಿ ರೆಕ್ಸ್ ಪಕ್ಷಕ್ಕೆ 202ರಲ್ಲಿ 21 ಸ್ಥಾನಗಳು ದೊರೆತವು. ನಷ್ಟ ಬಹುಪಾಲು ಕಥೋಲಿಕ ಪಕ್ಷದ್ದು. ಬೇಸತ್ತ ಸಣ್ಣ ವ್ಯಾಪಾರಿಗಳು, ಆದರ್ಶದ ಹಸಿವುಳ್ಳ ಯುವಕರು, ಭಾನುವಾರದ ಬಲಿಪೂಜೆಯನ್ನು ತಪ್ಪಿಸದ ಕುಟುಂಬಗಳು ಈ ಪಕ್ಷವನ್ನು ನಂಬಿದ್ದವು.

ಆರೋಪ ಸತ್ಯವಾದ ಮಾತ್ರಕ್ಕೆ ಆರೋಪಿಸುವವನು ಸತ್ಯವಂತನೆಂದು ಸಿದ್ಧವಾಗುವುದಿಲ್ಲ. ಗುರುಮಠದ ತರ್ಕಶಾಸ್ತ್ರದ ಮೊದಲ ವರ್ಷದಲ್ಲೇ ನಮಗೆ ಕಲಿಸುತ್ತಿದ್ದ ಪಾಠವಿದು. ಮತಪೆಟ್ಟಿಗೆಯ ಮುಂದೆ ನಿಂತಾಗ ಮಾತ್ರ ಪಂಡಿತರಿಗೂ ಮರೆತುಹೋಗುತ್ತದೆ. ದೇಶ, ಕುಟುಂಬ, ಧರ್ಮ ಎಂಬ ಪಕ್ಷದ ಮಾತುಗಳು ನಮಗೂ ಪ್ರಿಯವಾದವುಗಳೇ. ಆದರೆ ಸಂತ ಥಾಮಸ್ ಅಕ್ವಿನಾಸರು ಬೋಧಿಸಿದ ಸರ್ವರ ಹಿತ ಅಲ್ಲಿರಲಿಲ್ಲ. ಸಂಸತ್ತನ್ನು ಹೀಯಾಳಿಸಿ ಒಬ್ಬ ನಾಯಕನ ಇಚ್ಛೆಗೆ ಎಲ್ಲವನ್ನೂ ಒಪ್ಪಿಸುವುದೇ ಅದರ ತಿರುಳಾಗಿತ್ತು.

1937ರ ಏಪ್ರಿಲಿನಲ್ಲಿ ಬ್ರಸೆಲ್ಸ್ ಉಪಚುನಾವಣೆ ಬಂತು. ದೆಗ್ರೆಲ್‌ಗೆ ಎದುರಾಗಿ ಪ್ರಧಾನಿ ಪಾಲ್ ವಾನ್ ಝೀಲ್ಯಾಂಡ್ ಸ್ವತಃ ಸ್ಪರ್ಧಿಸಿದರು. ಕಥೋಲಿಕರಾದ ಅವರನ್ನು ಸಮಾಜವಾದಿಗಳೂ ಕಮ್ಯುನಿಸ್ಟರೂ ಬೆಂಬಲಿಸಿದರು. ಮತದಾನಕ್ಕೆ ಎರಡು ದಿನವಿರುವಾಗ ಕಾರ್ಡಿನಲ್ ವಾನ್ ರೂಯ್ ಅವರು, ರೆಕ್ಸ್ ದೇಶಕ್ಕೂ ಧರ್ಮಸಭೆಗೂ ಅಪಾಯಕಾರಿಯೆಂದೂ, ಮತಪತ್ರವನ್ನು ಖಾಲಿ ಬಿಡುವುದೂ ಸಲ್ಲದೆಂದೂ ಸ್ಪಷ್ಟವಾಗಿ ಸಾರಿದರು. ದೆಗ್ರೆಲ್‌ಗೆ ಬಂದದ್ದು ಶೇಕಡಾ 19ರಷ್ಟು ಮತ, ಪ್ರಧಾನಿಗೆ ಶೇಕಡಾ 76.

ಧರ್ಮಾಧ್ಯಕ್ಷರು ರಾಜಕೀಯಕ್ಕೆ ಕೈಹಾಕಿದರೆಂಬ ಆಕ್ಷೇಪ ಅಂದೂ ಇತ್ತು, ಇಂದೂ ಇದೆ. ಸಾಮಾನ್ಯವಾಗಿ ಆ ಆಕ್ಷೇಪದ ಪರ ನಿಲ್ಲುವವನು ನಾನು. ಯಾರಿಗೆ ಮತ ಹಾಕಬೇಕೆಂದು ಹೇಳುವುದು ಬಲಿಪೀಠದ ಕೆಲಸವಲ್ಲ. ಆದರೆ ಕ್ರಿಸ್ತರಾಜರ ಬಿರುದನ್ನೇ ಕದ್ದವನೆದುರು ಮೌನವಾಗಿರುವುದೂ ಒಂದು ಬಗೆಯ ಮತದಾನವೇ. ಜನರು ತನ್ನನ್ನು ಅರಸನನ್ನಾಗಿ ಮಾಡಲು ಬಂದಾಗ ಪ್ರಭು ಯೇಸು ಒಂಟಿಯಾಗಿ ಬೆಟ್ಟಕ್ಕೆ ಹೊರಟುಹೋದ ಪ್ರಸಂಗ ಸಂತ ಯೊವಾನ್ನರ ಶುಭಸಂದೇಶದಲ್ಲಿದೆ. ನನಗಿರುವ ಕೊರಗೆಂದರೆ, ಕಾರ್ಡಿನಲರ ಆ ಸ್ಪಷ್ಟ ಮಾತು 1936ರ ಚುನಾವಣೆಗೆ ಮೊದಲೇ ಬರಲಿಲ್ಲವಲ್ಲ ಎಂಬುದು.

1939ರ ಚುನಾವಣೆಯಲ್ಲಿ ಪಕ್ಷಕ್ಕೆ ಉಳಿದದ್ದು ನಾಲ್ಕೇ ಸ್ಥಾನ. ಮರುವರ್ಷ ಜರ್ಮನಿಯ ಸೈನ್ಯ ದೇಶವನ್ನು ಆಕ್ರಮಿಸಿತು. ದೇಶಾಭಿಮಾನವನ್ನೇ ಜಪಿಸುತ್ತಿದ್ದ ಪಕ್ಷ ಆಕ್ರಮಣಕಾರರ ಪಾದಸೇವೆಗೆ ನಿಂತಿತು. ದೆಗ್ರೆಲ್ ಹಿಟ್ಲರನ ಎಸ್.ಎಸ್. ಪಡೆಯ ಅಧಿಕಾರಿಯಾದ. 1943ರ ಜುಲೈಯಲ್ಲಿ ಆತ ತನ್ನ ಹುಟ್ಟೂರು ಬುಯೋನ್‌ನ ದೇವಾಲಯಕ್ಕೆ ಅದೇ ಸಮವಸ್ತ್ರದಲ್ಲಿ ಬಲಿಪೂಜೆಗೆ ಬಂದ. ಅಂಥ ಉಡುಪಿನವರಿಗೆ ಪರಮಪ್ರಸಾದ ಕೊಡಬಾರದೆಂದು ಧರ್ಮಾಧ್ಯಕ್ಷರ ಅಪ್ಪಣೆಯಿತ್ತು. ಊರಿನ ಗುರುಗಳು ನಿರಾಕರಿಸಿದರು. ದೆಗ್ರೆಲ್ ಮತ್ತು ಅವನ ಸಂಗಡಿಗರು ಆ ಗುರುಗಳನ್ನು ಅವರದೇ ಮನೆಯ ನೆಲಮಾಳಿಗೆಯಲ್ಲಿ ಕೂಡಿಹಾಕಿದರು. ನಮೂರಿನ ಧರ್ಮಾಧ್ಯಕ್ಷರು ಅವನನ್ನು ಧರ್ಮಸಭೆಯಿಂದ ಬಹಿಷ್ಕರಿಸಿದರು.

ಯುದ್ಧಾನಂತರ ಸ್ಪೇನಿಗೆ ಓಡಿಹೋದ ದೆಗ್ರೆಲ್, ಸ್ವದೇಶದಲ್ಲಿ ತನಗೆ ವಿಧಿಸಿದ್ದ ಮರಣದಂಡನೆಯಿಂದ ತಪ್ಪಿಸಿಕೊಂಡು 1994ರವರೆಗೆ ಬದುಕಿದ. ಆದದ್ದಕ್ಕೆ ಕೊನೆಯವರೆಗೂ ಪಶ್ಚಾತ್ತಾಪ ಪಡಲಿಲ್ಲ.