ಬಾಣಲೆ ಮುಂದೆ ಎಂಜಿನಿಯರ್ ಯಾಕಿಲ್ಲ?

ಕಳೆದ ದೀಪಾವಳಿಗೆ ಗಂಗಾನಗರದ ನಮ್ಮ ಮನೇಲಿ ಕಜ್ಜಾಯ. ಒಲೆ ಮುಂದೆ ಅಮ್ಮ ಒಬ್ಬರೇ. ನಾನು ಹಾಲ್‌ನಲ್ಲಿ ಕೂತು ಇಂಟರ್ನಲ್ಸ್‌ಗೆ ಓದ್ತಿದ್ದೆ, ಅದೂ ಹೀಟ್ ಟ್ರಾನ್ಸ್‌ಫರ್! ತೊಳೆದ ಜಾಲರಿ ಸೌಟನ್ನ ಒರೆಸದೇ ಎಣ್ಣೆಗೆ ಇಳಿಸಿದ್ದೇ ತಡ, ಎಣ್ಣೆ ಸಿಡಿದು ಅಮ್ಮನ ಮುಂಗೈ ಮೇಲೆ ಬಿತ್ತು. ಬೊಬ್ಬೆ ಹೋಯ್ತು, ಕಲೆ ಇನ್ನೂ ಇದೆ. ಸೌಟು ತೊಳೆದು ಕೊಟ್ಟವನು ನಾನೇ.

ನೀರು 100 ಡಿಗ್ರಿಗೆ ಕುದಿಯುತ್ತೆ, ಕರಿಯೋ ಎಣ್ಣೆ ಸುಮಾರು 180ರಲ್ಲಿರುತ್ತೆ. ಒಳಗೆ ಬಿದ್ದ ಹನಿ ಆವಿಯಾಗಿ ಸಾವಿರಕ್ಕೂ ಹೆಚ್ಚು ಪಟ್ಟು ಹಿಗ್ಗಿದರೆ ಎಣ್ಣೆ ಸುಮ್ಮನಿರುತ್ತಾ? ಅಮೆರಿಕದಲ್ಲಿ ಥ್ಯಾಂಕ್ಸ್‌ಗಿವಿಂಗ್‌ಗೆ ಇಡೀ ಟರ್ಕಿ ಕೋಳೀನೇ ಕರೀತಾರೆ. ಐಸ್ ಕರಗದ ಕೋಳೀನ ತುಂಬಿದ ಎಣ್ಣೆಗೆ ಇಳಿಸಿ ಮನೆಗೇ ಬೆಂಕಿ ಹಚ್ಚಿಕೊಂಡವರಿದ್ದಾರೆ. ಆ ವಿಡಿಯೋ ನೋಡಿ ನಗ್ತೀವಿ, ನಮ್ಮ ಬಾಣಲೇಲೂ ನಡೆಯೋದು ಅದೇ.

ಅಜ್ಜಿ ಯಾವ ಸೂತ್ರಾನೂ ಓದಿಲ್ಲ, ಆದ್ರೆ ಬಾಣಲೆಗೆ ಅರ್ಧಕ್ಕಿಂತ ಜಾಸ್ತಿ ಎಣ್ಣೆ ಹಾಕಿದ್ದು ನಾನು ನೋಡಿಲ್ಲ. ಸೂತ್ರ ಓದಿದ ನಾವು ಅಡುಗೆಮನೆಗೆ ಹೋಗೋದು ಬಿಸಿ ಕಜ್ಜಾಯ ಎತ್ಕೊಳ್ಳೋಕೆ ಮಾತ್ರ. ಇದನ್ನ ಸಂಪ್ರದಾಯ ಅನ್ನೋದು ಬೇಡ, ಸೋಮಾರಿತನ ಅಷ್ಟೆ. ಎಣ್ಣೆ ಹೊತ್ತಿಕೊಂಡ್ರೆ ಏನು ಮಾಡ್ತೀರಿ ಅಂತ ಕ್ಲಾಸ್‌ನಲ್ಲಿ ಕೇಳಿದೆ. ಅರ್ಧ ಜನ ‘ನೀರು’ ಅಂದ್ರು! ನೀರು ಎಣ್ಣೆಗಿಂತ ಭಾರ, ತಳಕ್ಕಿಳಿದು ಆವಿಯಾಗಿ ಉರಿಯೋ ಎಣ್ಣೇನ ಮೇಲಕ್ಕೆಸೆಯುತ್ತೆ. ಗ್ಯಾಸ್ ಆರಿಸಿ, ಸ್ಟೀಲ್ ಮುಚ್ಚಳ ಮುಚ್ಚಿ, ಪೂರ್ತಿ ಆರೋವರೆಗೂ ಬಾಣಲೆ ಮುಟ್ಟಬಾರದು.

ಈ ಸಲ ಕರಿಯೋದು ನನ್ನ ಪಾಳಿ. ಅಮ್ಮ ಕೂತ್ಕೊಂಡು ತಟ್ಟಿ ಕೊಡ್ತಾರಂತೆ. “ಸೀದುಸ್ಬೇಡ ಕಣೋ” ಅಂತ ಈಗಲೇ ಶುರು ಮಾಡಿದ್ದಾರೆ.