ನಡೆಸಿ ನೋಡುತ್ತೇವೆ ಎಂದಿದ್ದಿರಿ

ನಮ್ಮ ಜಿಲ್ಲೆಯ ಅಂಗವಿಕಲರ ಕಲ್ಯಾಣಾಧಿಕಾರಿಗಳಿಗೆ ಒಂದು ಬಹಿರಂಗ ಪತ್ರ

ಮಾನ್ಯರೇ,

ತಮ್ಮ ಕಚೇರಿಗೆ ಖುದ್ದಾಗಿ ಕೊಟ್ಟ ಅರ್ಜಿಗೂ, ತಾಲ್ಲೂಕಿನ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರ (ಎಂಆರ್‌ಡಬ್ಲ್ಯೂ) ಮೂಲಕ ಕಳಿಸಿದ ಮನವಿಗೂ ಉತ್ತರ ಬರಲಿಲ್ಲ. ಆದ್ದರಿಂದ ಪತ್ರಿಕೆಯಲ್ಲಿ ಬರೆಯಬೇಕಾಗಿ ಬಂತು, ಕ್ಷಮೆಯಿರಲಿ. ನಮ್ಮಂಥ ಪೋಲಿಯೊ ಬಾಧಿತರಿಗೆ ತಮ್ಮ ಸಲಕರಣೆ ವಿತರಣಾ ಶಿಬಿರದಲ್ಲಿ ಕಾಲಿಗೆ ಹೊಂದದ ಬ್ರೇಸ್‌ಗಳನ್ನು (ಕಾಲಿಗೆ ಕಟ್ಟುವ ಆಸರೆಗಳನ್ನು) ಕೊಟ್ಟಿರಿ. ಅದಕ್ಕೆ ಮುಂಚೆ ತಪಾಸಣೆಯ ದಿನ ತಾವು ಮೈಕ್ ಹಿಡಿದು ಆಡಿದ ಒಂದು ಮಾತನ್ನಷ್ಟೇ ನೆನಪಿಸುತ್ತೇನೆ: “ಪ್ರತಿಯೊಬ್ಬರನ್ನೂ ನಡೆಸಿ ನೋಡಿಯೇ ಅಳತೆ ತೆಗೆಯುತ್ತೇವೆ.” ನಾವೆಲ್ಲ ಚಪ್ಪಾಳೆ ತಟ್ಟಿದೆವು. ಆಮೇಲೆ ಯಾರನ್ನೂ ನಡೆಸಲಿಲ್ಲ. ಕುರ್ಚಿಯಲ್ಲಿ ಕೂರಿಸಿ, ಕಾಲಿಗೆ ಟೇಪು ಹಿಡಿದು, ಆಧಾರ್ ಸಂಖ್ಯೆ ಬರೆದುಕೊಂಡು ಕಳಿಸಿದರು.

ಕೂತವರ ಕಾಲು ನೋಡಿದರೆ ಪೋಲಿಯೊ ನಡಿಗೆ ತಿಳಿಯುವುದಿಲ್ಲ, ಮಾನ್ಯರೇ. ಈ ವೈರಾಣು ಸ್ನಾಯುಗಳನ್ನು ಆಡಿಸುವ ಬೆನ್ನುಹುರಿಯ ನರಕೋಶಗಳನ್ನು ಕೊಲ್ಲುತ್ತದೆ. ಯಾವ ಸ್ನಾಯು ಹೋಯಿತು, ಯಾವುದು ಉಳಿಯಿತು ಎಂಬುದು ಒಬ್ಬೊಬ್ಬರಲ್ಲಿ ಒಂದೊಂದು ಬಗೆ. ನನಗೆ ಎಡತೊಡೆಯ ಮುಂಭಾಗದ ಸ್ನಾಯುವಿನಲ್ಲಿ ಶಕ್ತಿಯಿಲ್ಲ. ಹೆಜ್ಜೆಯೂರಿ ಮೈಭಾರ ಕಾಲಿನ ಮೇಲೆ ಬಿದ್ದಾಗ ಮಂಡಿ ಮಡಚಿಕೊಳ್ಳದಂತೆ ಹಿಡಿಯಬೇಕಾದದ್ದು ಅದೇ ಸ್ನಾಯು. ಅದಿಲ್ಲದವರು ಮೈಯನ್ನು ಮುಂದಕ್ಕೆ ಬಾಗಿಸಿ, ಭಾರ ಮಂಡಿಯ ಮುಂದೆ ಹಾಯುವಂತೆ ಮಾಡಿಕೊಳ್ಳುತ್ತಾರೆ. ಆಗ ಆ ಭಾರವೇ ಮಂಡಿಯನ್ನು ಹಿಂದಕ್ಕೊತ್ತಿ ಕಾಲನ್ನು ನೆಟ್ಟಗೆ ನಿಲ್ಲಿಸುತ್ತದೆ. ಅದೂ ಸಾಲದಿದ್ದರೆ ಕೈಯಿಂದ ತೊಡೆ ಒತ್ತಬೇಕು. ನಾನು ಸೀರೆಯ ನೆರಿಗೆಯ ಮೇಲೆ ಎಡಗೈ ಊರಿ ನಡೆಯುವುದನ್ನು ಕಂಡು ನೋವಿರಬೇಕು ಎಂದುಕೊಳ್ಳುತ್ತಾರೆ. ತೊಡೆ ಮಾಡಬೇಕಾದ ಕೆಲಸವನ್ನು ನನ್ನ ಕೈ ಮಾಡುತ್ತಿದೆ, ಅಷ್ಟೇ.

ಇನ್ನೊಂದು ಆಸರೆ ಪಾದದಲ್ಲಿದೆ. ನನ್ನ ಎಡಪಾದ ತುಸು ಕೆಳಮುಖವಾಗಿ ಬಿಗಿದುಕೊಂಡಿದೆ. ಕಂಡವರಿಗೆ ಅದು ಊನ. ಆದರೆ ಪಾದದ ಮುಂಭಾಗ ಮೊದಲು ನೆಲ ಒತ್ತುವುದರಿಂದಲೇ ಕಣಕಾಲು ಮುಂದಕ್ಕೆ ವಾಲುವುದಿಲ್ಲ, ಮಂಡಿ ಕುಸಿಯುವುದಿಲ್ಲ. ಪೋಲಿಯೊ ಕಾಲುಗಳನ್ನು ಬಲ್ಲ ಮೂಳೆವೈದ್ಯರು ಇಂಥ ಬಿಗಿತವನ್ನು ಶಸ್ತ್ರಚಿಕಿತ್ಸೆಯಿಂದ ಪೂರ್ತಿ ಬಿಡಿಸಲು ಹಿಂದೆಮುಂದೆ ನೋಡುತ್ತಾರೆ. ತಮ್ಮ ಶಿಬಿರದ ಬ್ರೇಸ್ ಅದೇ ಪಾದವನ್ನು 90 ಡಿಗ್ರಿಗೆ ಎಳೆದು ಕಟ್ಟಿತು. ಹೆಜ್ಜೆಯಿಟ್ಟಾಗಲೆಲ್ಲ ಕಣಕಾಲು ಮುಂದಕ್ಕೆ, ಅದರ ಹಿಂದೆಯೇ ಮಂಡಿ. ಶಾಲೆಯ ಮೆಟ್ಟಿಲ ಮೇಲೆ ಬಿದ್ದೆ. ಮುರಿದದ್ದು ಎಡಗೈ ಮಣಿಕಟ್ಟು. ಇನ್ನು ತೊಡೆ ಒತ್ತಲು ಕೈಯೂ ಇಲ್ಲ. ಅಂದು ನನ್ನನ್ನು ನಾಲ್ಕು ಹೆಜ್ಜೆ ನಡೆಸಿದ್ದರೆ ಇದು ಯಾರ ಕಣ್ಣಿಗಾದರೂ ಬೀಳುತ್ತಿತ್ತು.

ಬಿದ್ದ ಮೇಲೆ ಫೋನಿನಲ್ಲಿ ಸಿಕ್ಕಾಗ ತಾವು ಹೇಳಿದ್ದು: “ಇಷ್ಟು ವರ್ಷ ನಡೆದಿದ್ದೀರಲ್ಲ ಮೇಡಂ, ಅಭ್ಯಾಸ ಆಗುತ್ತೆ.”

ಬಿದ್ದ ನೋವಿಗಿಂತ ಈ ಮಾತು ಹೆಚ್ಚು ನಾಟಿದೆ. ನಮ್ಮ ಮೈ ಅಭ್ಯಾಸ ಮಾಡಿಕೊಂಡೇ ಸವೆದಿದೆ, ಸ್ವಾಮಿ. ಸಾಯದೆ ಉಳಿದ ನರಕೋಶಗಳು ಹೊಸ ಕವಲೊಡೆದು, ದಿಕ್ಕಿಲ್ಲದ ಸ್ನಾಯುವಿನ ಎಳೆಗಳನ್ನೂ ತಾವೇ ಹೊತ್ತು ದಶಕಗಟ್ಟಲೆ ದುಡಿಯುತ್ತವೆ. ಕೊನೆಗೊಂದು ದಿನ ಅವೂ ಸೋಲುತ್ತವೆ. ನಡುವಯಸ್ಸು ದಾಟಿದ ಎಷ್ಟೋ ಪೋಲಿಯೊ ಬಾಧಿತರಿಗೆ ಮತ್ತೆ ಹೊಸದಾಗಿ ನಿಶ್ಶಕ್ತಿ, ಸುಸ್ತು, ನೋವು ಶುರುವಾಗುತ್ತದೆ. ಇದಕ್ಕೆ ವೈದ್ಯಶಾಸ್ತ್ರದಲ್ಲಿ ಪೋಸ್ಟ್ ಪೋಲಿಯೊ ಸಿಂಡ್ರೋಮ್ ಎಂಬ ಹೆಸರೇ ಇದೆ. ಇಂಥ ಮೈಗೆ ತಪ್ಪು ಬ್ರೇಸ್ ತೊಡಿಸಿ ಅಭ್ಯಾಸ ಮಾಡಿಕೊಳ್ಳಿ ಎನ್ನಲು ತಮಗೆ ಮನಸ್ಸಾದರೂ ಹೇಗೆ ಬಂತು?

ಸಹಜ (ವೈಲ್ಡ್) ಪೋಲಿಯೊ ವೈರಾಣುವಿನ ದೇಶದ ಕೊನೆಯ ಪ್ರಕರಣ 2011ರ ಜನವರಿಯಲ್ಲಿ ಹೌರಾದಲ್ಲಿ ಕಂಡುಬಂತು. 2014ರ ಮಾರ್ಚ್‌ನಲ್ಲಿ ಪೋಲಿಯೊಮುಕ್ತ ಎಂಬ ಪ್ರಮಾಣಪತ್ರವೂ ಬಂತು. ನಾನೂ ಬೂತ್‌ಗಳಲ್ಲಿ ಕೂತು ಮಕ್ಕಳ ಬಾಯಿಗೆ ಹನಿ ಹಾಕಿದವಳು, ಆ ಗೆಲುವು ನನ್ನದೂ ಹೌದು. ಆದರೆ ಅದಕ್ಕೆ ಮೊದಲೇ ಕಾಲು ಕಳೆದುಕೊಂಡ ನಾವು ಇನ್ನೂ ಬದುಕಿದ್ದೇವೆ. ಒಬ್ಬರಿಗೆ ಸೊಂಟದ ಪಕ್ಕದ ಸ್ನಾಯು ಬಲವಿಲ್ಲದೆ ಮೈ ಪಕ್ಕಕ್ಕೆ ತೂಗುತ್ತದೆ, ಇನ್ನೊಬ್ಬರ ಮಂಡಿ ಹಿಂದಕ್ಕೆ ಬಾಗಿ ಬಾಗಿ ಹಿಂಬದಿಯ ಕಟ್ಟೇ ಸಡಿಲಾಗಿದೆ. ಕೆಲವರಿಗೆ ತೊಡೆಯವರೆಗಿನ, ಮಂಡಿಗೆ ಲಾಕ್ ಇರುವ ಕ್ಯಾಲಿಪರ್ ಬೇಕು, ಕೆಲವರಿಗೆ ಚಪ್ಪಲಿಗೊಂದು ಎತ್ತರದ ಅಟ್ಟೆ ಸಾಕು. ತಾವು ಎಲ್ಲರಿಗೂ ಒಂದೇ ಪೆಟ್ಟಿಗೆಯಿಂದ ಬ್ರೇಸ್ ತೆಗೆದುಕೊಟ್ಟಿರಿ. ಫೋಟೊ ತೆಗೆಸಿಕೊಂಡಿರಿ. ಸರ್ಕಾರಿ ಬಸ್ಸಿನ ಮೊದಲ ಮೆಟ್ಟಿಲು ನಮಗೆ ಇಂದಿಗೂ ಎಟುಕುವುದಿಲ್ಲ, ಅರ್ಜಿ ಕೊಡುವ ಕಚೇರಿ ಮಹಡಿಯ ಮೇಲಿದೆ, ಅಂಗವಿಕಲರ ಹಕ್ಕುಗಳ 2016ರ ಕಾಯ್ದೆ ಕಪಾಟಿನಲ್ಲಿದೆ.

ನನಗೆ ಪರಿಹಾರದ ಹಣ ಬೇಡ. ಕೊಟ್ಟ ಬ್ರೇಸ್‌ಗಳನ್ನೆಲ್ಲ ವಾಪಸ್ ತರಿಸಿ. ಬ್ರೇಸ್ ಹೊಂದಿಸುವುದರಲ್ಲಿ ಪಳಗಿದ ಆರ್ಥೋಟಿಸ್ಟ್ ಒಬ್ಬರನ್ನು ಕರೆಸಿ, ಅವರು ಪ್ರತಿಯೊಬ್ಬರನ್ನೂ ನಡೆಸಿ ಎದುರಿನಿಂದಲೂ ಪಕ್ಕದಿಂದಲೂ ನೋಡಲಿ. ಮೊಬೈಲಿನಲ್ಲಿ ವಿಡಿಯೊ ತೆಗೆದುಕೊಂಡರೂ ಸಾಕು, ದೊಡ್ಡ ಯಂತ್ರ ಬೇಕಿಲ್ಲ. ಅಳತೆ ಆಮೇಲೆ. ಮೈಕ್ ಹಿಡಿದು ತಾವೇ ಕೊಟ್ಟ ಮಾತು ಇದು.

ಈ ಶಿಬಿರದಲ್ಲಿ ಬ್ರೇಸ್ ಪಡೆದ ಅಣ್ಣತಮ್ಮಂದಿರೇ, ಅಕ್ಕತಂಗಿಯರೇ, ಹಾಕಿಕೊಂಡು ಹೆಜ್ಜೆಯಿಟ್ಟಾಗ ಮಂಡಿ ಮುಂದಕ್ಕೆ ಕುಸಿಯುತ್ತಿದ್ದರೆ ಅದನ್ನು ಬಿಚ್ಚಿಡಿ. ಬಲ್ಲವರಿಗೆ ತೋರಿಸುವ ತನಕ ಮತ್ತೆ ಹಾಕಿಕೊಳ್ಳಬೇಡಿ.

ಇಂತಿ,
ಇದೇ ಜಿಲ್ಲೆಯ ಒಬ್ಬ ಶಾಲಾ ಶಿಕ್ಷಕಿ