ಎರಡು ಕೆಲಸಕ್ಕೆ ಒಂದೇ "ಉಳಿಸಿ"

ಕಳೆದ ವರ್ಷ ಒಂಬತ್ತನೆಯವರಿಗೆ ಜಿಂಪ್‌ನಲ್ಲಿ ಪೋಸ್ಟರ್ ಮಾಡುವುದು ಹೇಗೆ ಅಂತ ಒಂದು ಪುಟದ ಟಿಪ್ಪಣಿ ಬರೆದು ಕೊಟ್ಟಿದ್ದೆ. ಎಲ್ಲರೂ ಪೋಸ್ಟರ್ ಮುಗಿಸಿ ಪೆನ್‌ಡ್ರೈವಿನಲ್ಲಿ ಮನೆಗೆ ಒಯ್ದರು. ಮರುದಿನ ಬೆಳಿಗ್ಗೆ ಒಬ್ಬಳು ಲ್ಯಾಬಿನ ಬಾಗಿಲಲ್ಲೇ ನಿಂತಿದ್ದಳು. "ಮಾಷ್ಟ್ರೇ, ಅಪ್ಪನ ಮೊಬೈಲಲ್ಲಿ ಚಿತ್ರ ಓಪನ್ ಆಗುದೇ ಇಲ್ಲ. ಎಂತ ಮಾಡುದು?"

ತಪ್ಪು ಅವಳದ್ದಲ್ಲ, ನನ್ನ ಟಿಪ್ಪಣಿಯದ್ದು. ನಾಲ್ಕನೇ ಸಾಲಿನಲ್ಲಿ "ಉಳಿಸಿ" ಅಂತ ಬರೆದಿದ್ದೆ, ಕೊನೆಯ ಸಾಲಿನಲ್ಲೂ "ಉಳಿಸಿ". ಆದರೆ ಜಿಂಪ್‌ನಲ್ಲಿ ಅವೆರಡೂ ಬೇರೆ ಬೇರೆ ಕೆಲಸ. 2012ರಲ್ಲಿ ಬಂದ 2.8 ಆವೃತ್ತಿಯಿಂದ ಹಿಡಿದು, 'ಸೇವ್' ಒತ್ತಿದರೆ ಸಿಗುವುದು ಎಕ್ಸ್‌ಸಿಎಫ್ ಫೈಲ್ ಮಾತ್ರ. ಅದರಲ್ಲಿ ಲೇಯರುಗಳು ಹಾಗೇ ಇರುತ್ತವೆ, ನಾಳೆ ತಿದ್ದಬಹುದು. ಮೊಬೈಲಿನಲ್ಲಿ ನೋಡುವಂಥ ಪಿಎನ್‌ಜಿ ಅಥವಾ ಜೆಪೆಗ್ ಬೇಕಾದರೆ 'ಎಕ್ಸ್‌ಪೋರ್ಟ್' ಮಾಡಬೇಕು. ಇದು ಸಾಲದ್ದಕ್ಕೆ ಲೇಯರನ್ನು ಒಂದು ಕಡೆ ಪದರ, ಇನ್ನೊಂದು ಕಡೆ ಹಾಳೆ ಅಂತಲೂ ಕರೆದಿದ್ದೆ!

ಪ್ರಬಂಧದಲ್ಲಿ ಒಂದೇ ಪದ ಮತ್ತೆ ಮತ್ತೆ ಬಂದರೆ ಕನ್ನಡ ಟೀಚರು ಕೆಂಪು ಗೆರೆ ಎಳೆಯುತ್ತಾರೆ. ಸರಿಯೇ. ಸಾಫ್ಟ್‌ವೇರಿನ ಟಿಪ್ಪಣಿಯಲ್ಲಿ ಮಾತ್ರ ಅದೇ ಪದ ಬರಬೇಕು, ಬೇಸರ ಬಂದರೂ ಬರಬೇಕು. ಕೆಮಿಸ್ಟ್ರಿ ರೆಕಾರ್ಡಿನಲ್ಲಿ ಬರೀ "ಸೋಡಾ ಹಾಕಿ" ಅಂತ ಬರೆದರೆ ಒಪ್ಪುತ್ತೀರಾ? ಅಡುಗೆ ಸೋಡಾ ಸೋಡಿಯಂ ಬೈಕಾರ್ಬೊನೇಟ್, ಬಟ್ಟೆ ಒಗೆಯುವ ಸೋಡಾ ಸೋಡಿಯಂ ಕಾರ್ಬೊನೇಟ್.

ಹಾಗಾದರೆ ಯಾವ ಪದ? ನನ್ನ ಅಭಿಪ್ರಾಯದಲ್ಲಿ ಪರದೆಯ ಮೇಲೆ ಕಾಣುವ ಪದವೇ. ಲಿಬ್ರೆಆಫೀಸನ್ನು ಕನ್ನಡದಲ್ಲಿ ಇಟ್ಟುಕೊಂಡವರಿಗೆ ಅಲ್ಲಿನ ಕನ್ನಡ ಪದ. ಮೆನು ಇಂಗ್ಲಿಷಿನಲ್ಲಿದ್ದರೆ ಆ ಪದವನ್ನೇ ಕನ್ನಡ ಅಕ್ಷರದಲ್ಲಿ ಬರೆದು, ಮೊದಲ ಸಲ ಅರ್ಥ ಹೇಳಿಬಿಡಿ. ಕನ್ನಡ ಶಾಲೆಯಲ್ಲಿ ಇದೆಂತ ಅಂತ ಕೆಲವರು ಕೇಳಿಯಾರು. ಪರದೆಯಲ್ಲೇ ಇಲ್ಲದ ಪದವನ್ನು ಹುಡುಕಿ ಸೋತ ಮಕ್ಕಳು ದೂರುವುದು ಕನ್ನಡವನ್ನೇ ಅಲ್ಲವೇ?

ಕ್ರಮವೂ ಮುಖ್ಯ. "ಎಕ್ಸ್‌ಪೋರ್ಟ್ ಒತ್ತಿ, ಅದಕ್ಕೆ ಮೊದಲು ಫೋಲ್ಡರ್ ಮಾಡಿರಬೇಕು" ಅಂತ ಬರೆದರೆ ಅರ್ಧ ವಾಕ್ಯ ಓದುವಷ್ಟರಲ್ಲಿ ಕೈ ಒತ್ತಿಯಾಗಿರುತ್ತದೆ. ಒತ್ತಿದ ಮೇಲೆ ಏನು ಕಾಣಬೇಕು ಅಂತಲೂ ಹೇಳಬೇಕು: "ಈಗ ನಿಮ್ಮ ಫೋಲ್ಡರಿನಲ್ಲಿ ಪಿಎನ್‌ಜಿ ಫೈಲ್ ಇರುತ್ತದೆ."

ಟಿಪ್ಪಣಿಯನ್ನು ತಿದ್ದಿ, ಜಿಂಪ್ ತೆರೆದೇ ನೋಡದ ಎಂಟನೆಯ ಹುಡುಗನೊಬ್ಬನ ಕೈಗೆ ಕೊಟ್ಟು, ಬಾಯಿ ಮುಚ್ಚಿ ಪಕ್ಕದಲ್ಲಿ ಕೂತೆ. ಬಾಯಿ ಮುಚ್ಚಿ ಕೂರುವುದು ಮಾಷ್ಟ್ರಿಗೆ ಸುಲಭವಲ್ಲ. ಆರನೇ ಸಾಲಿನ ತನಕ ಸಲೀಸಾಗಿ ಹೋದ. ಅಲ್ಲಿ "ಬಲಬದಿಯ ಲೇಯರ್ಸ್ ಪಟ್ಟಿ ನೋಡಿ" ಅಂತ ಇತ್ತು. ಹಿಂದಿನ ಪಿರಿಯಡ್‌ನಲ್ಲಿ ಯಾರೋ ಆ ಪಟ್ಟಿಯನ್ನು ಮುಚ್ಚಿಬಿಟ್ಟಿದ್ದರು. ಹುಡುಗ ನನ್ನ ಮುಖ ನೋಡಿದ.

ಮುಚ್ಚಿದ ಪಟ್ಟಿಯನ್ನು ಮತ್ತೆ ತರುವುದು ಹೇಗೆ ಎಂಬ ಆ ಸಾಲು ಇನ್ನೂ ಬಾಕಿ ಇದೆ. ನಿಮ್ಮಲ್ಲಿ ಯಾರಾದರೂ ಬರೆದು ತನ್ನಿ, ಟಿಪ್ಪಣಿಯಲ್ಲಿ ಸೇರಿಸುತ್ತೇನೆ.